ನಿಂತೇ ಉಣ್ಣುವ ಸೊಸೆ

ನರಸಿಂಹರಾಜಪುರ
12 ಏಪ್ರಿಲ್ 2025

ಅತ್ತೆಗೆ, ಭವ್ಯ ಬರೆಯುತ್ತಿದ್ದೇನೆ.

ಫೋನ್ ಇರುವಾಗ ಇದೆಂಥ ಕಾಗದ ಎಂದು ನೀವು ಮೂಗು ಮುರಿಯುತ್ತೀರಿ, ಗೊತ್ತು. ನೀವು ಫೋನ್ ಹಿಡಿದರೆ ಸ್ಪೀಕರ್ ಹಾಕಿಕೊಂಡೇ ಮಾತಾಡುವುದು. ನಿಮ್ಮ ಕಿವಿಗೆ ಬೀಳುವ ಮೊದಲೇ ಮಾವನಿಗೆ, ಅಂಗಳದ ಆಳುಗಳಿಗೆ, ಹಾಲು ಒಯ್ಯಲು ಬಂದ ಪಕ್ಕದ ಮನೆಯ ಕರಿಯಕ್ಕನಿಗೆ ಎಲ್ಲ ಕೇಳಿರುತ್ತದೆ. ನನ್ನ ಸೊಂಟನೋವಿನ ಸುದ್ದಿ ಅಷ್ಟು ಜನಕ್ಕೆ ಬೇಡ.

ನಿನ್ನೆ ಕೊಪ್ಪದಲ್ಲಿ ಬಸ್ಸು ಬದಲಿಸಿ ಕಮಲ ಚಿಕ್ಕಮ್ಮನ ಮನೆ ಸೇರಿದೆ. ಚಿಕಿತ್ಸೆ ಇರುವುದು ಶಿವಮೊಗ್ಗದಲ್ಲಿ, ಪ್ರತಿ ಮಂಗಳವಾರ. ಇಲ್ಲಿಂದಾದರೆ ಬೆಳಿಗ್ಗೆ ಹೋಗಿ ಸಂಜೆ ಬರಬಹುದು. ನಾಲ್ಕು ವಾರ ನಡೆಯುತ್ತದೆ, ಆಮೇಲೆ ಒಂದು ತಪಾಸಣೆ. ಬೇಸಿಗೆ ರಜೆ ಮುಗಿದು ಹರಿಹರಪುರದ ನನ್ನ ಶಾಲೆ ಬಾಗಿಲು ತೆಗೆಯುವುದರೊಳಗೆ ಬೇಗಾರಿಗೆ ಬರುತ್ತೇನೆ. ನಡುವೆ ಯಾರು ಕರೆದರೂ ಬರುವುದಿಲ್ಲ. ಮದುವೆಗೂ ಇಲ್ಲ, ಗೃಹಪ್ರವೇಶಕ್ಕೂ ಇಲ್ಲ. ಇದನ್ನು ಮುಂದೂಡಿ ಮುಂದೂಡಿ ಮೂರು ವರ್ಷವಾಯಿತು. ಈ ಸಲ ಮುಗಿಸಿಯೇ ಬರುವುದು.

ಹೊರಡುವಾಗ ನೀವು ಬಾಗಿಲಿಗೆ ಬರಲಿಲ್ಲ. ಸಿಟ್ಟಿದ್ದರೆ ಬರೆದು ಕಳಿಸಿ, ಓದಿಕೊಳ್ಳುತ್ತೇನೆ.

ಭವ್ಯ


ಬೇಗಾರ್
16 ಏಪ್ರಿಲ್ 2025

ಭವ್ಯಾ,

ಅಂಚೆಯ ಪರಮೇಶ್ವರ ನಿನ್ನ ಕಾಗದವನ್ನು ಎರಡು ಸಲ ತಿರುಗಿಸಿ ನೋಡಿ, "ಎಂತ ಯಮುನಮ್ಮ, ಕೋರ್ಟಿನದ್ದಲ್ಲ ಅಲ್ದಾ?" ಅಂದ. ಈ ಕಾಲದಲ್ಲಿ ಮನುಷ್ಯರು ಮನುಷ್ಯರಿಗೆ ಕಾಗದ ಬರೆಯುತ್ತಾರೆಂದು ಅವನೂ ಮರೆತಿದ್ದಾನೆ.

ಸಿಟ್ಟು ಬರೆದು ಕಳಿಸು ಎಂದೆಯಲ್ಲ, ಬರೆಯುತ್ತೇನೆ. ಕುರ್ಚಿ ಮುಟ್ಟದ ಟೀಚರ್ ಎಂದು ಹೆಡ್‌ಮಾಸ್ಟರು ನಿನಗೆ ಶಾಲು ಹೊದಿಸಿದಾಗ ಎಲ್ಲರಿಗಿಂತ ಜೋರಾಗಿ ಚಪ್ಪಾಳೆ ತಟ್ಟಿದವಳು ನಾನು. ಶಾಲೆಯಲ್ಲಿ ನಿಂತರೆ ಹೆಸರು ಬರುತ್ತದೆ, ಸರಿ. ಮನೆಯಲ್ಲೂ ತಟ್ಟೆ ಹಿಡಿದು ಅಡುಗೆಕಟ್ಟೆಗೊರಗಿ ನಿಂತು ಉಣ್ಣುವುದು ಯಾವ ಪದ್ಧತಿ? ಮದುವೆಯಾಗಿ ಬಂದಾಗಿನಿಂದ ಒಂದು ಹೊತ್ತಾದರೂ ನನ್ನ ಪಕ್ಕದ ಮಣೆಯಲ್ಲಿ ಕೂತು ಉಂಡವಳಲ್ಲ. ನಾನು ಏಳನೇ ಕ್ಲಾಸು, ನೀನು ಬಿ.ಎಸ್ಸಿ., ಬಿ.ಎಡ್. ಪಕ್ಕದಲ್ಲಿ ಕೂತರೆ ನಿನ್ನ ಓದು ಮಾಸುತ್ತದೆಯೋ ಏನೋ.

ಸೊಂಟಕ್ಕೆಂದು ಎಣ್ಣೆ ಕಾಯಿಸಿ ಬಸ್ಸಿನ ಡ್ರೈವರ್ ಕೈಯಲ್ಲಿ ಕಳಿಸಿದ್ದೇನೆ. ಬಿಸಿ ಮಾಡಿ ಹಚ್ಚು. ಸೊಂಟ ಗಟ್ಟಿಯಾದರೆ ಮುಂದಿನದ್ದೂ ಸುಸೂತ್ರವಾಗುತ್ತದೆ. ಹೆಂಡತಿಯನ್ನು ಒಳಗೆ ಬಿಟ್ಟು ವಿಜಯ ಜಗಲಿಯಲ್ಲಿ ಯಾಕೆ ಮಲಗುತ್ತಾನೆ ಎಂದು ನಾನು ಕೇಳಿಲ್ಲ. ಕೇಳುವುದೂ ಇಲ್ಲ.

ಯಮುನಮ್ಮ


ನರಸಿಂಹರಾಜಪುರ
19 ಏಪ್ರಿಲ್ 2025

ಅತ್ತೆ,

ಎಣ್ಣೆ ತಲುಪಿತು. ಡಾಕ್ಟರ್ ಬೇರೇನೂ ಹಚ್ಚಬಾರದು ಎಂದಿದ್ದಾರೆ. ಅದಕ್ಕೆ ಚಿಕ್ಕಮ್ಮನ ಮೊಣಕಾಲಿಗೆ ಕೊಟ್ಟೆ. ನಿಮ್ಮ ಎಣ್ಣೆಯ ಗುಣವೋ ಬೀಗರ ಮನೆಯದೆಂಬ ಹೆಮ್ಮೆಯೋ, ಮರುದಿನವೇ ಮೆಟ್ಟಿಲು ಹತ್ತಿದರು.

ಮಂಗಳವಾರ ಮೊದಲ ಸಲದ್ದು ಆಯಿತು. ಒಂದು ಪುಟ್ಟ ಪೆಟ್ಟಿಗೆ, ಅದಕ್ಕೊಂದು ವಯರು, ವಯರಿನ ತುದಿಗೆ ಕೈಯಲ್ಲಿ ಹಿಡಿಯುವ ಒಂದು ಹಿಡಿಕೆ. ಟಕ್ ಟಕ್ ಎಂದು ತಟ್ಟುತ್ತದೆ. ನೋವು ಹೆಚ್ಚೇನಿಲ್ಲ. ನಾನು ಚಾವಣಿಯ ಫ್ಯಾನ್ ನೋಡುತ್ತಾ ಮಗ್ಗಿ ಹೇಳಿಕೊಂಡೆ. ಮೆಷಿನ್ ನಿಂತ ಮೇಲೂ ನನ್ನ ಮಗ್ಗಿ ನಿಲ್ಲಲಿಲ್ಲ. ನರ್ಸ್ ನಕ್ಕುಬಿಟ್ಟರು.

ಮಣೆಯ ವಿಷಯ ಊರಿಗೆ ಬಂದು ಹೇಳುತ್ತೇನೆ. ಅದು ಓದಿನ ಗರ್ವವಂತೂ ಅಲ್ಲ, ಇಷ್ಟನ್ನು ಈಗ ನಂಬಿ. ನಿಮ್ಮ ಮಗ ಶೃಂಗೇರಿಯ ಅಂಗಡಿಯಲ್ಲಿ ಪಂಪ್‌ಸೆಟ್ ಬಿಚ್ಚಿಕೊಂಡು ಕೂತರೆ ಊಟ ಮರೆಯುತ್ತಾರೆ, ಸ್ವಲ್ಪ ಎಚ್ಚರಿಸಿ.

ಭವ್ಯ


ಬೇಗಾರ್
24 ಏಪ್ರಿಲ್ 2025

ಭವ್ಯಾ,

ಅವಸರದಲ್ಲಿ ಬರೆಯುತ್ತಿದ್ದೇನೆ, ಅಕ್ಷರ ಓಡಿದರೆ ಕೂಡಿಸಿಕೊಂಡು ಓದು.

ನಿನ್ನೆ ವಿಜಯನನ್ನು ಹಿಡಿದು ಕೇಳಿದೆ, ಸೊಂಟಕ್ಕೆ ಎಂತ ಮೆಷಿನ್ನು ಅಂತ. ತಲೆ ತಗ್ಗಿಸಿಕೊಂಡು, "ಶಾಕ್ ಕೊಡ್ತಾರೆ ಅಮ್ಮ" ಅಂದ. ಎಲ್ಲಿಗೆ ಅಂದರೆ ಎದ್ದು ಹೋದ. ಅವನು ಬಾಯಿಬಿಟ್ಟು ಹೇಳದಿದ್ದರೂ ನನಗೆ ಅರ್ಥವಾಯಿತು. ಶಾಕ್ ಕೊಡುವುದು ತಲೆಗೆ.

ಈಗ ಒಂದೊಂದೇ ನೆನಪಾಗುತ್ತಿದೆ. ನೀನು ಕೂರದೆ ಅಡ್ಡಾಡುವುದು. ಬಚ್ಚಲಿಗೆ ಹೋದರೆ ಎಷ್ಟು ಕರೆದರೂ ಬಾರದೆ ತಣ್ಣೀರು ಸುರಿದುಕೊಳ್ಳುವುದು. ಬೈಕಿನಲ್ಲಿ ಕರೆದರೆ ಒಲ್ಲೆ ಎಂದು ನಡೆದೇ ಹೋಗುವುದು. ಮಗಾ, ಮನಸ್ಸಿಗೆ ಏನೋ ಹಿಡಿದಿತ್ತು, ನಾನು ಗರ್ವ ಅಂದುಕೊಂಡೆ. ಕಾಡುಹಂದಿಗೆ ಹಾಕಿದ ಬೇಲಿಯ ಶಾಕ್ ಹೊಡೆದು ನಮ್ಮ ಕೆಂಪಿ ಹಸು ನಾಲ್ಕೂ ಕಾಲು ಚಾಚಿದ್ದನ್ನು ನೋಡಿದವಳು ನಾನು. ಅಂಥದ್ದನ್ನು ಸೊಸೆಯ ತಲೆಗೆ ಕೊಡಿಸಿ ಮನೆಯಲ್ಲಿ ಕಾಫಿ ಕುಡಿಯುತ್ತಾ ಕೂರಲಾರೆ.

ಮುಂದಿನ ಶುಕ್ರವಾರ ಬರುತ್ತೇನೆ. ಬಟ್ಟೆ ಕಟ್ಟಿಕೊಂಡು ತಯಾರಾಗಿರು. ಚಿಕಿತ್ಸೆ ಸಾಕು. ಮನೆಯಲ್ಲಿ ನಾನು ನೋಡಿಕೊಳ್ಳುತ್ತೇನೆ.

ಯಮುನಮ್ಮ


ನರಸಿಂಹರಾಜಪುರ
27 ಏಪ್ರಿಲ್ 2025

ಅತ್ತೆ,

ಈ ಕಾಗದವನ್ನು ಒಬ್ಬರೇ ಓದಿ. ನಿಮಗೆ ಗಟ್ಟಿಯಾಗಿ ಓದಿಕೊಳ್ಳುವ ಅಭ್ಯಾಸ. ಕೊಟ್ಟಿಗೆಗೆ ಹೋಗಿ ಓದಿ, ದನಗಳು ಯಾರಿಗೂ ಹೇಳುವುದಿಲ್ಲ.

ನನ್ನ ತಲೆ ಸರಿಯಿದೆ. ಸೊಂಟವೂ ಸರಿಯಿದೆ. ಸೊಂಟ ಎಂದದ್ದು ಸುಳ್ಳು. ನೋವಿರುವುದು ಯೋನಿಯ ಹೊರಬಾಯಿಯಲ್ಲಿ. ಹತ್ತನೇ ಕ್ಲಾಸಿಗೆ ವಿಜ್ಞಾನ ಪಾಠ ಮಾಡುವಾಗ ಈ ಪದವನ್ನು ಬೋರ್ಡಿನ ಮೇಲೆ ಬರೆಯುತ್ತೇನೆ, ಹುಡುಗರು ಕಿಸಕ್ಕೆಂದರೆ ಗದರಿಸುತ್ತೇನೆ. ಮನೆಯಲ್ಲಿ ಹೇಳಲು ಮಾತ್ರ ನಾಲಿಗೆ ಏಳಲಿಲ್ಲ. ಸೊಂಟ ಎಂದುಬಿಟ್ಟರೆ ಯಾರೂ ಮುಂದೆ ಕೇಳುವುದಿಲ್ಲ, ಎಣ್ಣೆ ಕೊಡುತ್ತಾರೆ.

ಸೂಜಿಮೆಣಸು ಜಜ್ಜಿದ ಕೈ ಕಣ್ಣಿಗೆ ತಾಗಿದರೆ ಉರಿಯುತ್ತದಲ್ಲ, ಹಾಗೆ ಉರಿಯುತ್ತದೆ. ಮುಟ್ಟಿದರೆ, ಒತ್ತಿದರೆ, ಕೂತರೆ. ಗಾಯವಿಲ್ಲ, ಗಂಟಿಲ್ಲ, ಕಣ್ಣಿಗೆ ಕಾಣುವುದು ಏನೂ ಇಲ್ಲ. ಮೊದಲು ತೋರಿಸಿದ ಕಡೆ ಸೋಂಕು ಎಂದು ಮುಲಾಮು ಕೊಟ್ಟರು. ಅದರಿಂದ ಹೋಗದಿದ್ದಾಗ, ಇದು ಮನಸ್ಸಿನದ್ದು, ಸಂಸಾರ ಮಾಡುತ್ತಾ ಮಾಡುತ್ತಾ ಸರಿಹೋಗುತ್ತದೆ ಎಂದರು. ಅದಕ್ಕೇ ನಿಮ್ಮ ಕಾಗದ ಓದಿ ಅಷ್ಟು ಅಳು ಬಂತು. ನೀವೂ ಅದನ್ನೇ ಅಂದಿರಿ.

ಶಿವಮೊಗ್ಗದ ಡಾಕ್ಟರ್ ಹತ್ತಿ ಸುತ್ತಿದ ಕಡ್ಡಿಯಿಂದ ಒಂದೊಂದೇ ಜಾಗ ಮೆಲ್ಲಗೆ ಒತ್ತಿ ಕೇಳಿದರು. ಒಂದು ಕಡೆ ನಾನು ಕೂಗಿಕೊಂಡೆ. ಅವರು ಕೈ ತೆಗೆದು, "ನಿಮ್ಮ ನೋವು ನಿಜವಾದದ್ದು, ಇದಕ್ಕೊಂದು ಹೆಸರಿದೆ" ಎಂದರು. ಅವತ್ತು ಬಸ್ ಸ್ಟ್ಯಾಂಡಿನಲ್ಲಿ ನಿಂತು ನೆಮ್ಮದಿಯಿಂದ ಅತ್ತುಬಿಟ್ಟೆ.

ಆ ಮೆಷಿನ್ನಿಗೆ ಶಾಕ್ ವೇವ್ ಎಂಬುದು ಹೆಸರು ಮಾತ್ರ. ಕರೆಂಟು ಮೈಗೆ ಬರುವುದಿಲ್ಲ. ಅದು ಶಬ್ದದ ಅಲೆ. ಹಿಮ್ಮಡಿ ನೋವಿಗೆ, ಭುಜದ ನೋವಿಗೆ ಇದೇ ಮೆಷಿನ್ ಮೊದಲಿನಿಂದ ಇದೆ. ನನ್ನ ನೋವಿಗೆ ಬಳಸುವುದು ಹೊಸತು. ಡಾಕ್ಟರ್ ಮುಚ್ಚಿಡಲಿಲ್ಲ. ಕೆಲವೇ ಹೆಂಗಸರ ಮೇಲೆ ಪರೀಕ್ಷೆ ಆಗಿದೆ, ಹಲವರಿಗೆ ನೋವು ಇಳಿದಿದೆ, ನಿಮಗೂ ಇಳಿಯುತ್ತದೆ ಎಂದು ಮಾತು ಕೊಡಲಾರೆ ಎಂದರು. ಸುಳ್ಳು ಧೈರ್ಯ ಹೇಳದ ಮೊದಲ ಡಾಕ್ಟರ್ ಅವರು. ಅದಕ್ಕೇ ಒಪ್ಪಿಕೊಂಡೆ.

ನಿಮ್ಮ ಮಗ ಜಗಲಿಯಲ್ಲಿ ಮಲಗುವುದು ಜಗಳವಾಗಿ ಅಲ್ಲ. ಮನೆಯಲ್ಲಿ ತೊಟ್ಟಿಲು ತೂಗದಿರುವುದಕ್ಕೂ ಇದೇ ಕಾರಣ. ಅವರಿಗೆ ಎಲ್ಲ ಗೊತ್ತು, ಒಂದು ದಿನವೂ ಒತ್ತಾಯ ಮಾಡಿದವರಲ್ಲ. ತಾಯಿಯ ಮುಂದೆ ಆ ಮಾತು ಆಡಲಾರದೆ ಶಾಕ್ ಎಂಬಲ್ಲಿಗೆ ನಿಲ್ಲಿಸಿದ್ದಾರೆ. ನಾನು ಸೊಂಟಕ್ಕೆ ನಿಲ್ಲಿಸಿದ ಹಾಗೆ.

ಮಣೆ ಗಟ್ಟಿ, ಅತ್ತೆ. ನಿಮ್ಮ ಪಕ್ಕ ಕೂತು ಉಣ್ಣಲು ನನಗೂ ಆಸೆಯಿತ್ತು.

ಶುಕ್ರವಾರ ಬಂದರೆ ಕಾಫಿ ಮಾಡಿ ಕೊಡುತ್ತೇನೆ. ನಿಮ್ಮ ಜೊತೆ ಹೊರಡುವುದಿಲ್ಲ.

ಭವ್ಯ


ನರಸಿಂಹರಾಜಪುರ
7 ಮೇ 2025

ಅತ್ತೆ,

ಶುಕ್ರವಾರ ಚಿಕ್ಕಮ್ಮ ಶ್ಯಾವಿಗೆ ಒತ್ತಿ ಕಾದರು. ನೀವು ಬರಲಿಲ್ಲ. ಕಾಗದವೂ ಇಲ್ಲ. ಫೋನ್ ಮಾಡಿದರೆ ಮಾವ ಎತ್ತಿ, "ಅವ್ಳು ಗದ್ದೆ ಬದಿಗೆ ಹೋಗಿದಾಳೆ" ಎನ್ನುತ್ತಾರೆ. ಮೂರು ಸಲ ಮಾಡಿದರೂ ನೀವು ಗದ್ದೆಯಲ್ಲೇ ಇದ್ದೀರಿ. ಮೇ ತಿಂಗಳಲ್ಲಿ ಗದ್ದೆಯಲ್ಲಿ ಎಂತ ಕೆಲಸ?

ನಿನ್ನೆ ನಾಲ್ಕನೆಯದೂ ಮುಗಿಯಿತು. ಇದುವರೆಗೆ ದೊಡ್ಡ ವ್ಯತ್ಯಾಸವೇನೂ ಕಾಣಲಿಲ್ಲ. ಇಳಿಯಲು ಸಮಯ ಬೇಕು, ಕೆಲವರಿಗೆ ಇಳಿಯದೆಯೂ ಇರಬಹುದು ಎಂದಿದ್ದಾರೆ. ಇಳಿಯದಿದ್ದರೆ ಬೇರೆ ದಾರಿ ಕೇಳುತ್ತೇನೆ. ಬಿಡುವುದಂತೂ ಇಲ್ಲ.

ನಿಮ್ಮ ಮೌನಕ್ಕೆ ನಾನೇ ಒಂದು ಅರ್ಥ ಮಾಡಿಕೊಂಡಿದ್ದೇನೆ. ಮಗನಿಗೆ ಬೇರೆ ಸಂಬಂಧ ನೋಡುವ ಯೋಚನೆ ಇದ್ದರೆ ನೇರವಾಗಿ ನನಗೇ ಬರೆಯಿರಿ. ಊರವರ ಬಾಯಿಂದ ನನಗೆ ಗೊತ್ತಾಗುವುದು ಬೇಡ.

ಭವ್ಯ


ಬೇಗಾರ್
10 ಮೇ 2025

ಭವ್ಯಾ,

ಬೇರೆ ಸಂಬಂಧವಂತೆ. ಟೀಚರಾಗಿ ಇಷ್ಟು ದಡ್ಡತನ ಇಟ್ಟುಕೊಳ್ಳಬೇಡ.

ನಿನ್ನ ಆ ಕಾಗದವನ್ನು ಕೊಟ್ಟಿಗೆಯಲ್ಲೇ ಓದಿದೆ. ಓದಿ ಒಲೆಗೆ ಹಾಕಿದೆ. ಸಿಟ್ಟಿನಿಂದಲ್ಲ. ನಿಮ್ಮ ಮಾವ ಕನ್ನಡಕ ಹುಡುಕಲು ಹೊರಟರೆ ಮನೆಯ ಡಬ್ಬಿಗಳನ್ನೆಲ್ಲ ಬಿಚ್ಚುತ್ತಾರೆ. ಆಮೇಲೆ ಎರಡು ದಿನ ಸರಿಯಾಗಿ ಅನ್ನ ಸೇರಲಿಲ್ಲ. ಮಣೆ ಹಾಕಿಕೊಂಡು ಕೂತರೆ ನಿನ್ನ ಕಟ್ಟೆ ಕಾಣುತ್ತದೆ.

ಶುಕ್ರವಾರ ನಾನು ಹೊರಟಿದ್ದೆ. ಶೃಂಗೇರಿಯಲ್ಲಿ ಇಳಿದು ಮೊದಲು ವಿಜಯನ ಅಂಗಡಿಗೆ ಹೋದೆ. "ಅವಳು ಬರೆದದ್ದು ಹೌದನಾ?" ಅಂದೆ. ಅವನು ಹೌದೆಂದು ತಲೆಯಾಡಿಸಿ ಸ್ಪ್ಯಾನರ್ ಒರೆಸಿಟ್ಟ. ಆಮೇಲೆ ಒಂದು ಉದ್ದದ ಕಬ್ಬಿಣದ ಪೈಪ್ ತಂದು, ಅದರ ತುದಿಯನ್ನು ನನ್ನ ಅಂಗೈಗೆ ಆನಿಸಿ, ಆ ಕಡೆಯ ತುದಿಗೆ ಟಕ್ ಎಂದು ತಟ್ಟಿದ. ಅಂಗೈ ಜುಮ್ಮೆಂದಿತು. "ಇಷ್ಟೇ ಅಮ್ಮ. ಕರೆಂಟಲ್ಲ. ಅಲ್ಲಿ ತಟ್ಟಿದ್ದು ಇಲ್ಲಿಗೆ ಬಂತಲ, ಹಂಗೆ" ಅಂದ. ಹೇಳುತ್ತಾ ಹೇಳುತ್ತಾ ಅತ್ತುಬಿಟ್ಟ. ಅಷ್ಟು ದೊಡ್ಡ ಗಂಡಸು, ಕೈಯೆಲ್ಲ ಗ್ರೀಸು, ಮುಖಕ್ಕೂ ಬಳಿದುಕೊಂಡ. ನಾನು ಸೆರಗಿನಿಂದ ಒರೆಸಿ ವಾಪಸು ಬಸ್ಸು ಹತ್ತಿದೆ. ನಿನ್ನನ್ನು ಕರೆತರುವುದಕ್ಕೆ ನನಗೆ ಕಾರಣ ಉಳಿದಿರಲಿಲ್ಲ.

ಇದನ್ನೆಲ್ಲ ಆವತ್ತೇ ಬರೆಯಬಹುದಿತ್ತು. ಬರೆಯದೆ ಅಡಗಿಕೊಂಡದ್ದಕ್ಕೆ ಬೇರೆ ಕಾರಣ ಇದೆ. ಶಾಕ್ ಎಂದು ಕೇಳಿದ ದಿನ ತಡೆಯಲಾರದೆ ಕರಿಯಕ್ಕನ ಬಳಿ ಒಂದು ಮಾತು ಆಡಿದ್ದೆ. ಅವಳ ಬಾಯಿ ನಿನಗೆ ಗೊತ್ತಲ್ಲ, ನನ್ನ ಸ್ಪೀಕರಿಗಿಂತ ಜೋರು. ಈಗ ಊರಿಗೆಲ್ಲ ಯಮುನಮ್ಮನ ಸೊಸೆಗೆ ತಲೆ ಕೆಟ್ಟಿದೆ ಎಂದಾಗಿದೆ. ನಿಮ್ಮ ಹೆಡ್‌ಮಾಸ್ಟರು ಮೊನ್ನೆ ಫೋನ್ ಮಾಡಿ, "ಟೀಚರು ಶಾಲೆಗೆ ಬರೋ ಸ್ಥಿತೀಲಿ ಇದಾರಾ?" ಎಂದು ನಿಮ್ಮ ಮಾವನನ್ನು ಕೇಳಿದರಂತೆ.

ತಲೆಗಲ್ಲ ಎಂದರೆ ಮತ್ತೆ ಎಲ್ಲಿಗೆ ಎನ್ನುತ್ತಾರೆ. ಹುಚ್ಚು ಎಂಬ ಮಾತು ಅಳಿಸಬೇಕಾದರೆ ಆ ಮಾತು ಆಡಬೇಕು. ಅದು ನಿನ್ನದು, ನನ್ನದಲ್ಲ. ಹೇಳು ಎಂದರೆ ಹೇಳುತ್ತೇನೆ. ಬೇಡ ಎಂದರೆ ಬಾಯಿಗೆ ಬೀಗ.

ಯಮುನಮ್ಮ


ನರಸಿಂಹರಾಜಪುರ
13 ಮೇ 2025

ಅತ್ತೆ,

ಹೇಳಿ.

ನಿಮ್ಮ ಮೇಲೆ ಸಿಟ್ಟು ಬಂತು, ಇಲ್ಲವೆಂದರೆ ಸುಳ್ಳಾಗುತ್ತದೆ. ಒಂದು ಇಡೀ ಬೆಳಿಗ್ಗೆ ಚಿಕ್ಕಮ್ಮನ ಹಿತ್ತಲಲ್ಲಿ ಬಟ್ಟೆ ಒಗೆದು ತೀರಿಸಿಕೊಂಡೆ. ಆದರೆ ಸೊಂಟ ಎಂದು ಶುರು ಮಾಡಿದವಳು ನಾನೇ ತಾನೆ.

ಹೆಡ್‌ಮಾಸ್ಟರಿಗೆ ನಾನೇ ಫೋನ್ ಮಾಡಿದೆ. "ಸಾರ್, ನನ್ನ ತಲೆಗೆ ಏನೂ ಆಗಿಲ್ಲ. ಹೆಂಗಸರ ಅಂಗದಲ್ಲಿ ನೋವಿನ ಕಾಯಿಲೆ, ಅದಕ್ಕೇ ನಾನು ಕೂರ್ತಾ ಇರ್ಲಿಲ್ಲ. ನೀವು ಶಾಲು ಹೊದಿಸಿದ್ದು ಅದಕ್ಕೇ" ಎಂದೆ. ಅವರು "ಆಯ್ತಮ್ಮ, ಆಯ್ತಮ್ಮ" ಎಂದು ನಾಲ್ಕೈದು ಸಲ ಹೇಳಿದರು. ಪಾಪ, ಬೆವರಿರಬೇಕು. ಕೊನೆಗೆ, "ಜೂನಿನಲ್ಲಿ ನಿಮ್ಮ ಕ್ಲಾಸಿಗೆ ಮೆತ್ತನೆ ಕುರ್ಚಿ ಹಾಕಿಸ್ಲಾ?" ಎಂದು ಕೇಳಿದರು. ಹಾಕಿಸಿ ಎಂದೆ.

ಕರಿಯಕ್ಕನ ಎದುರು ಹೇಳುವಾಗ ಪಿಸುಗುಟ್ಟಬೇಡಿ. ಪಿಸುಗುಟ್ಟಿದ್ದು ಬೇಗ ಹಬ್ಬುತ್ತದೆ.

ಭವ್ಯ


ಬೇಗಾರ್
17 ಮೇ 2025

ಭವ್ಯಾ,

ಹೇಳಿ ಬಂದೆ.

ನಿನ್ನೆ ಕರಿಯಕ್ಕನ ಮನೆಯಲ್ಲಿ ಹಲಸಿನ ಹಪ್ಪಳ. ನಾವು ಏಳೆಂಟು ಹೆಂಗಸರು ಸುತ್ತ ಕೂತು ಒತ್ತುತ್ತಿದ್ದೆವು. ಕರಿಯಕ್ಕ ಬೇಕೆಂದೇ, "ಭವ್ಯಂಗೆ ಶಾಕ್ ಮುಗೀತಾ ಯಮುನಾ? ಗುರ್ತು ಹಿಡೀತಾಳಾ?" ಅಂದಳು. ನಾನು ಕೈಯಲ್ಲಿದ್ದ ಉಂಡೆ ಕೆಳಗಿಟ್ಟೆ. ನೀನು ಕಾಗದದಲ್ಲಿ ಬರೆದ ಪಾಠದ ಪದ ನನ್ನ ನಾಲಿಗೆಗೆ ಹೊಂದಲಿಲ್ಲ. "ನೋವು ತಲೇಲಲ್ಲ ಕರಿಯಕ್ಕ. ಹೆರೋ ಜಾಗದ ಬಾಯಲ್ಲಿ. ಕೂರಕ್ಕಾಗದಷ್ಟು ಉರಿ. ಅದಕ್ಕೆ ಔಷಧಿ ಮಾಡಿಸ್ತಾ ಇದಾಳೆ. ಕರೆಂಟಲ್ಲ, ಶಬ್ದದ್ದು" ಅಂದೆ. ಗಟ್ಟಿಯಾಗಿಯೇ ಅಂದೆ. ಅಂಗಳದಲ್ಲಿ ಸೌದೆ ಒಡೆಯುತ್ತಿದ್ದವನು ಕೊಡಲಿ ನಿಲ್ಲಿಸಿದ.

"ಥೂ ಮಾರಾಯ್ತಿ, ಎಂತ ಮಾತು ಇದು, ತಿನ್ನೋ ಪದಾರ್ಥದ ಎದುರು" ಅಂದಳು ಕರಿಯಕ್ಕ. "ನೀನು ನನ್ನ ಸೊಸೆ ಹುಚ್ಚಿ ಅಂದಾಗ್ಲೂ ತಿನ್ನೋ ಪದಾರ್ಥ ಇತ್ತಲ" ಅಂದೆ. ಆಮೇಲೆ ಹಪ್ಪಳ ಬೇಗ ಬೇಗ ಮುಗಿಯಿತು.

ಎದ್ದು ಹೊರಟಾಗ ಕೆಳಮನೆಯ ವೆಂಕಮ್ಮ ಗೇಟಿನವರೆಗೆ ಹಿಂದೆ ಬಂದಳು. ಅತ್ತ ಇತ್ತ ನೋಡಿ, ಆ ಆಸ್ಪತ್ರೆ ಶಿವಮೊಗ್ಗದಲ್ಲಿ ಎಲ್ಲಿ ಬರುತ್ತದೆ ಎಂದು ಕೇಳಿದಳು. ತನ್ನ ಮಗಳಿಗೆ ಬೇಕಿತ್ತಂತೆ.

ವೆಂಕಮ್ಮನಿಗೆ ಇರುವ ಇಬ್ಬರೂ ಗಂಡುಮಕ್ಕಳು. ತರಿಸಿ ಕೊಡುತ್ತೇನೆ ಎಂದಷ್ಟೇ ಅಂದೆ. ವಿಳಾಸ ಬರೆದು ಕಳಿಸು.

ಯಮುನಮ್ಮ


ನರಸಿಂಹರಾಜಪುರ
21 ಮೇ 2025

ಅತ್ತೆ,

ವಿಳಾಸ ಬೇರೆ ಚೀಟಿಯಲ್ಲಿ ಇಟ್ಟಿದ್ದೇನೆ. ಯಾವ ದಿನ ಹೋಗಬೇಕು, ಯಾರನ್ನು ಕೇಳಬೇಕು ಎಂದೂ ಬರೆದಿದ್ದೇನೆ. ವೆಂಕಮ್ಮತ್ತೆಗೆ ಜೊತೆ ಬೇಕಾದರೆ ನಾನು ಬರುತ್ತೇನೆ ಎನ್ನಿ. ಅವರ ಮಗಳಿಗೆ ಬೇಕಾದರೂ ಸರಿ.

ನಿನ್ನೆ ತಪಾಸಣೆ ಇತ್ತು. ಅದೇ ಹತ್ತಿಯ ಕಡ್ಡಿ. ಒತ್ತಿದಾಗ ನೋವಾಯಿತು, ಆದರೆ ಈ ಸಲ ಕೂಗಲಿಲ್ಲ, ಹುಬ್ಬು ಗಂಟಿಕ್ಕಿದೆ ಅಷ್ಟೆ. ಕೆಲವು ಕಡೆ ಮುಟ್ಟಿದ್ದೇ ಗೊತ್ತಾಗಲಿಲ್ಲ, "ಮುಟ್ಟಿದ್ರಾ ಡಾಕ್ಟ್ರೇ?" ಎಂದು ಕೇಳಿದೆ. ಪೂರ್ತಿ ಹೋಗಿಲ್ಲ. ಹೇಳಿಕೊಟ್ಟ ವ್ಯಾಯಾಮ ಬಿಡಬಾರದು, ಮತ್ತೆ ಬಂದು ತೋರಿಸಬೇಕು, ಬೇಕಾದರೆ ಇನ್ನೊಂದು ಸುತ್ತು ಮಾಡೋಣ ಎಂದಿದ್ದಾರೆ. ಮಾಡಿಸುತ್ತೇನೆ.

ವಾಪಸು ಬರುವಾಗ ಬಸ್ಸಿನಲ್ಲಿ ಕಿಟಕಿಯ ಪಕ್ಕ ಸೀಟು ಹಿಡಿದು ಕೂತೆ. ಒಬ್ಬ ಯಜಮಾನರು ದೊಡ್ಡ ಹಲಸಿನಹಣ್ಣು ಹೊತ್ತು ಹತ್ತಿದರು. ಕಂಡಕ್ಟರ್‌ಗೆ ನನ್ನ ಗುರುತಿದೆ, ಪ್ರತಿ ಮಂಗಳವಾರ ಯಾರಿಗಾದರೂ ಸೀಟು ಬಿಟ್ಟುಕೊಡುವವಳು ಎಂದು. "ಆ ಮೇಡಂ ಹತ್ರ ಕೇಳಿ, ಅವ್ರು ತುಂಬಾ ಒಳ್ಳೇವ್ರು, ಕೂರೋದೇ ಇಲ್ಲ" ಎಂದ. ಯಜಮಾನರು ಹಣ್ಣಿನೊಂದಿಗೆ ನನ್ನ ಮುಂದೆ ಬಂದು ನಿಂತರು.

"ಇವತ್ತು ಕೂರ್ತೀನಿ" ಎಂದೆ.

ಬಸ್ಸಿನವರೆಲ್ಲ ತಿರುಗಿ ನೋಡಿದರು. ಒಳ್ಳೆಯವಳು ಎಂಬ ಹೆಸರು ಹೋಯಿತು. ಹೋಗಲಿ ಎಂದು ಕಿಟಕಿಯ ಆಚೆ ನೋಡುತ್ತಾ ಕೂತೆ. ಮುತ್ತಿನಕೊಪ್ಪ ಹತ್ತಿರವಾದಾಗ ಉರಿ ಶುರುವಾಯಿತು. ಎದ್ದು ನಿಂತು ಸೀಟನ್ನು ಹಲಸಿನಹಣ್ಣಿಗೆ ಬಿಟ್ಟುಕೊಟ್ಟೆ. ಆದರೆ ಅತ್ತೆ, ಶಿವಮೊಗ್ಗದಿಂದ ಮುತ್ತಿನಕೊಪ್ಪದವರೆಗೆ, ಅರ್ಧಕ್ಕಿಂತ ಹೆಚ್ಚು ದಾರಿ, ಕೂತು ಬಂದಿದ್ದೇನೆ.

ಮುಂದಿನ ಬುಧವಾರ ಮನೆಗೆ ಬರುತ್ತೇನೆ.

ಭವ್ಯ


ಬೇಗಾರ್
24 ಮೇ 2025

ಭವ್ಯಾ,

ಬುಧವಾರದ ಒಳಗೆ ತಲುಪಲಿ ಎಂದು ಇದನ್ನು ಡ್ರೈವರ್ ಕೈಯಲ್ಲಿ ಕಳಿಸುತ್ತಿದ್ದೇನೆ.

ವಿಜಯ ಫೋನಿನಲ್ಲಿ ಯಾವುದೋ ಮೆತ್ತೆಯ ಚಿತ್ರ ತೋರಿಸಿದ, ನಡುವೆ ಟೊಳ್ಳು ಇರುವಂಥದ್ದು. ಹಳೆಯ ಹಾಸಿಗೆಯ ಹತ್ತಿ ಬಿಡಿಸಿ, ಬಿಸಿಲಿಗೆ ಒಣಗಿಸಿ ಅಂಥದ್ದೇ ಒಂದು ಹೊಲಿದಿದ್ದೇನೆ. ನಿಮ್ಮ ಮಾವ ಅದನ್ನು ಕಂಡು, ತಲೆಹೊರೆಯ ಸಿಂಬೆ ಯಾಕಿಷ್ಟು ದೊಡ್ಡದು ಎಂದರು. ಸೊಸೆಗೆ ಎಂದೆ. ಅವರು ಹೋಗಿ ಸ್ಟೋರಿನಲ್ಲಿದ್ದ ಅಗಲದ ಮಣೆ ತೊಳೆದು ತಂದಿಟ್ಟರು. ಮೆತ್ತೆಯನ್ನು ಅದರ ಮೇಲೆ ಹಾಕಿ ನನ್ನ ಮಣೆಯ ಪಕ್ಕ ಇಟ್ಟಿದ್ದೇನೆ.

ಬಂದವಳು ಕೂರು. ಉರಿ ಬಂದರೆ ಸಂಕೋಚ ಮಾಡದೆ ಎದ್ದು ನಿಲ್ಲು. ನೀನು ಎದ್ದರೆ ನಾನೂ ತಟ್ಟೆ ಹಿಡಿದು ಪಕ್ಕದಲ್ಲಿ ನಿಲ್ಲುತ್ತೇನೆ. ಮೊನ್ನೆಯಿಂದ ಅಭ್ಯಾಸ ಮಾಡುತ್ತಿದ್ದೇನೆ. ಸಾರು ಸೆರಗಿನ ಮೇಲೆ ಚೆಲ್ಲುತ್ತದೆ. ನೀನು ಇಷ್ಟು ದಿನ ಹೇಗೆ ಉಂಡೆಯೋ.

ಯಮುನಮ್ಮ